ಸಡಿಲ ಬಿಟ್ಟ ತಂತಿ

ನನ್ನ ಮಹಾಪ್ರಬಂಧದಲ್ಲಿ ಒಂದು ಕದ್ದ ವಾಕ್ಯವಿದೆ: "ತಂತಿಯನ್ನು ತುಸು ಸಡಿಲವಾಗಿ ಕೂರಿಸಲಾಯಿತು." ಹಾಗೆ ಕೂರಿಸಬೇಕೆಂದು ಹೇಳಿಕೊಟ್ಟವರ ಹೆಸರನ್ನು ಮಾತ್ರ ನಾನು ಜಾಣತನದಿಂದ ನುಂಗಿಕೊಂಡೆ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ಕಾದ ನೆಲದ ಮೇಲೆ ಹೊರಳಾಡುವ ಗಾಳಿಯ ಬಿಸಿ ಕ್ಷಣಕ್ಷಣಕ್ಕೂ ಹೇಗೆ ಏರಿಳಿಯುತ್ತದೆಂದು ಅಳೆಯುವುದು ನನ್ನ ಸಂಶೋಧನೆ. ಕಾದ ನೆಲಕ್ಕೆ ಶಿರಾ ಸೀಮೆಯಲ್ಲಿ ಬರವೇ? ತಾವರೆಕೆರೆಯ ಬಯಲಲ್ಲಿ ಕಂಬ ನೆಟ್ಟೆ. ಜ್ವರ ನೋಡುವ ಥರ್ಮಾಮೀಟರು ಈ ಕೆಲಸಕ್ಕೆ ಬಾರದು. ಅದು ಬಿಸಿಯೇರಿದ್ದನ್ನು ತಿಳಿಯುವಷ್ಟರಲ್ಲಿ ಆ ಗಾಳಿ ಮಧುಗಿರಿ ದಾಟಿರುತ್ತದೆ. ಅದಕ್ಕೇ ಕೂದಲಿಗಿಂತ ಸಣ್ಣ ಪ್ಲಾಟಿನಂ ತಂತಿಯನ್ನು ಎರಡು ಸೂಜಿಗಳ ನಡುವೆ ಬೆಸೆದು ಕಂಬಕ್ಕೆ ಏರಿಸುತ್ತಿದ್ದೆ. ಗಾಳಿ ಬಿಸಿಯಾದರೆ ತಂತಿಯಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ಉರುಳುವ ಕಾಗದದ ಮೇಲೆ ಪೆನ್ನು ಅದನ್ನು ಗೀಚುತ್ತದೆ. ತಂತಿಯೋ, ಸೀನಿದರೆ ತುಂಡಾಗುವ ಜಾತಿ. ತಂದ ಸುರುಳಿ ಮುಗಿಯುತ್ತ ಬಂದಿತ್ತು. ಮಳೆ ಬಿದ್ದು ನೆಲ ತಣಿದರೆ ಮುಂದಿನ ಬೇಸಿಗೆಗೆ ಕಾಯಬೇಕು. ನನ್ನ ವಿದ್ಯಾರ್ಥಿವೇತನ ಅಲ್ಲಿಯವರೆಗೆ ಕಾಯುವುದಿಲ್ಲ.

ನಾನು ಇಳಿದುಕೊಂಡಿದ್ದು ಕಂಬಳಿ ನೇಯುವವರ ಮನೆಯ ಜಗಲಿಯಲ್ಲಿ. ಮನೆಯೊಡತಿ ಸಣ್ಣೀರಮ್ಮನವರಿಗೆ ಐವತ್ತರ ವಯಸ್ಸು. ಗಂಡ ಮಗ್ಗದಲ್ಲಿ ಕೂತರೆ ಇವರು ಉಣ್ಣೆ ನೂತು, ನೂಲಿಗೆ ಹುಣಸೆಬೀಜದ ಗಂಜಿ ಬಳಿಯುತ್ತಿದ್ದರು. ಬಿಳಿ ಕಾಗದದ ಮೇಲೆ ತಂತಿ ಕಾಣದೆ ನಾನು ಕಣ್ಣು ಕಿರಿದು ಮಾಡುವುದನ್ನು ನೋಡಿ ಕರಿ ಕಂಬಳಿ ಹಾಸಿಕೊಟ್ಟರು. ತಂತಿ ಫಳಫಳ ಕಂಡಿತು. ಕಂಬಳಿಗೆ ಅಂಟಿದ್ದ ಬಿಳಿ ಕುರಿಯ ಕೂದಲೂ ಅಷ್ಟೇ ಚೆನ್ನಾಗಿ ಕಂಡಿತು. ಒಂದು ಬೆಳಿಗ್ಗೆ ಉಸಿರು ಬಿಗಿಹಿಡಿದು ನಾನು ಬೆಸುಗೆ ಹಾಕುತ್ತಿದ್ದಾಗ ಸೀದ ವಾಸನೆ ಬಂತು. ಸಣ್ಣೀರಮ್ಮ ರಾಟೆ ನಿಲ್ಲಿಸದೆಯೇ, "ಅದು ಕುರಿ ಕೂದ್ಲು ಕಣಪ್ಪ" ಎಂದರು. ಎಂಎಸ್ಸಿ ಪದವಿ ಹೊತ್ತ ತಲೆಯನ್ನು ನಾನು ಸ್ವಲ್ಪ ಹೊತ್ತು ಮೇಲೆತ್ತಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಮರುದಿನ ಕಾದಿತ್ತು. ಅಂದು ಮೊದಲ ಸಲ ನಸುಕಿನಲ್ಲೇ ಅಳತೆಗಿಳಿದೆ. ಸೂರ್ಯ ಹುಟ್ಟುವ ಮುಂಚೆ, ನೆಲ ಇನ್ನೂ ತಣ್ಣಗಿರುವಾಗಲೇ, ಬೀಸುಗಾಳಿ ಬಂದಾಗಲೆಲ್ಲ ಪೆನ್ನು ನೆಗೆದು ಬಿಸಿ ತೋರಿಸುತ್ತಿತ್ತು. ಲೋಕಕ್ಕೆ ಗೊತ್ತಿಲ್ಲದ್ದನ್ನು ಕಂಡುಹಿಡಿದೆನೆಂದು ಹಿಗ್ಗಿ ಸಣ್ಣೀರಮ್ಮನವರನ್ನು ಕರೆದು ತೋರಿಸಿದೆ. ಅವರು ಕಂಬಳಿ ಹೊದ್ದೇ ಬಂದು ಗಾಳಿಗೆ ಮುಖವೊಡ್ಡಿ ನಿಂತು, ಇದರಲ್ಲಿ ಬಿಸಿ ಎಲ್ಲಿದೆ ಎಂದು ಕೇಳಿದರು. ಆಮೇಲೆ ನನ್ನ ಭೂತಗನ್ನಡಿ ಇಸಿದುಕೊಂಡು ತಂತಿಯನ್ನು ದಿಟ್ಟಿಸಿದರು.

"ಇಂಗ್ಯಾಕೆ ಎಳ್ದು ಕಟ್ಬುಟ್ಟಿದ್ದೀಯ? ಎಳೆ ಬಿಗಿಯಾದ್ರೆ ಗಾಳಿ ಮುಟ್ಟಿದ್ದಕ್ಕೆಲ್ಲಾ ಕುಣೀತದೆ. ವಸಿ ಸಡ್ಲ ಬುಡು."

ಬಿಗಿದ ತಂತಿಯನ್ನು ಗಾಳಿ ತಳ್ಳಿದಾಗಲೆಲ್ಲ ಅದನ್ನು ಇನ್ನಷ್ಟು ಎಳೆದಂತಾಗುತ್ತದೆ. ತಂತಿಯನ್ನು ಎಳೆದರೂ ಅದರ ತಡೆ ಏರುತ್ತದೆ, ಬಿಸಿ ಬೇಕಿಲ್ಲ. ಇದು ನಾನೇ ಹುಡುಗರಿಗೆ ಪಾಠ ಮಾಡಿದ ಸಂಗತಿ. ನೆಟ್ಟಗಿರುವುದೇ ಶಿಸ್ತೆಂದು ನಂಬಿ ಒಂದು ತಿಂಗಳು ಬಿಸಿಯ ಬದಲು ಸೆಳೆತವನ್ನು ಅಳೆದಿದ್ದೆ.

ಸುರುಳಿಯಲ್ಲಿ ಉಳಿದಿದ್ದು ಒಂದೇ ಸಲಕ್ಕೆ ಸಾಲುವಷ್ಟು ತಂತಿ. ನಾನು ಬೆಸುಗೆಗೆ ಕೂತೆ. ಸಣ್ಣೀರಮ್ಮ ತಂತಿಯ ತುದಿ ಹಿಡಿದು ಕಂಡೂ ಕಾಣದಷ್ಟು ಜೋಲು ಬಿಟ್ಟರು. ನಾನು ಬೆಸುಗೆ ಹಾಕಿ ಮುಗಿಸುವವರೆಗೆ ಆ ಬೆರಳುಗಳು ಅಲುಗಲಿಲ್ಲ. ಅಂಥ ಕೈಯನ್ನು ನಾನು ಯಾವ ಪ್ರಯೋಗಶಾಲೆಯಲ್ಲೂ ಕಂಡಿಲ್ಲ.

ಮರುದಿನ ನಸುಕಿನ ಗಾಳಿಗೆ ಪೆನ್ನು ಮಿಸುಕಲಿಲ್ಲ. ಮಧ್ಯಾಹ್ನ ಗೆರೆ ಮೆಲ್ಲಗೆ ಏರುತ್ತ ಹೋಗಿ ಥಟ್ಟನೆ ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಕಂಬದ ಪಕ್ಕ ಕೂತಿದ್ದ ಸಣ್ಣೀರಮ್ಮ ಕೆನ್ನೆಗೆ ತಂಪು ತಾಕಿದಾಗಲೆಲ್ಲ "ಈಗ" ಎನ್ನುತ್ತಿದ್ದರು. ಅದೇ ಗಳಿಗೆಗೆ ಗೆರೆ ಇಳಿಯುತ್ತಿತ್ತು. ಮಳೆ ಬಂದದ್ದು ಆರು ದಿನ ಬಿಟ್ಟು. ನನಗೆ ಅಷ್ಟು ಸಾಕಾಯಿತು.

ಪದವಿ ಬಂದ ಮೇಲೆ, ರಟ್ಟು ಕಟ್ಟಿಸಿದ ಪ್ರಬಂಧ ಹಿಡಿದು ತಾವರೆಕೆರೆಗೆ ಹೋದೆ. ಓದು ಬಾರದ ಸಣ್ಣೀರಮ್ಮ ಅದನ್ನು ಮಡಿಲಲ್ಲಿಟ್ಟು ನಡುವೆ ತೆರೆದರು. ಅದು ಪಟ್ಟನೆ ಮುಚ್ಚಿಕೊಂಡಿತು. ಹೊಲಿಗೆಯ ಮೇಲೆ ಬೆರಳಾಡಿಸಿ, "ಇದ್ನೂ ಬಿಗಿಯಾಗಿ ಎಳ್ದುಬುಟ್ಟವ್ರೆ" ಎಂದರು.

ಕದ್ದ ವಾಕ್ಯವಿದ್ದ ಪುಟ ಹುಡುಕಿ, ಜೇಬಿನಿಂದ ಪೆನ್ನು ತೆಗೆದೆ. ಅಂಚಿನಲ್ಲಿ ಅವರ ಹೆಸರು ಬರೆಯುವವರೆಗೂ ಸಣ್ಣೀರಮ್ಮ, ನಾನೇನು ಬರೆಯುತ್ತಿದ್ದೇನೆಂದು ಕೇಳದೆ, ಪುಸ್ತಕ ಮುಚ್ಚಿಕೊಳ್ಳದಂತೆ ಅಂಗೈಯಿಂದ ಒತ್ತಿ ಹಿಡಿದಿದ್ದರು.