ವಿರೂಪಣ್ಣ ಸರ್ ಅವರ ಅಂಗೈ ಮೇಲೆ ಎಳೆದ ಗೆರೆ

ಕಪಾಟು ಒರೆಸುವಾಗ ಹಳೆಯ ಗ್ರಾಫ್ ಹಾಳೆಗಳ ಕಟ್ಟೊಂದು ಕೈಗೆ ಬಂತು. ಗೆದ್ದಲು ಕೂಡ ನನ್ನ ಅಕ್ಷರಕ್ಕೆ ಹೆದರಿ ಅಂಚಷ್ಟೇ ತಿಂದು ಬಿಟ್ಟಿದೆ. ನಿಮ್ಮ ಮನೆಯಲ್ಲೂ ಇಂಥದೊಂದು ಕಟ್ಟು ಇದ್ದೀತು. ಎಸೆಯಲೂ ಆಗದ್ದು, ಬಿಚ್ಚಲೂ ಆಗದ್ದು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸಿಂಧನೂರಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ನನಗೆ ಅದನ್ನು ಕಲಿಸಿದ ವಿರೂಪಣ್ಣ ಸರ್ ಲಿಂಗಸುಗೂರಿನಲ್ಲಿದ್ದರು. ಸಕ್ಕರೆ ಕಾಯಿಲೆ ಅವರ ಕಣ್ಣು ಕಸಿದಿತ್ತು. ಎಂಟು ವರ್ಷ ದುಡಿದು ಪಿಎಚ್.ಡಿ. ಪ್ರಬಂಧ ಸಲ್ಲಿಸಿದ್ದರು; ಪದವಿ ಇನ್ನೂ ಬಂದಿರಲಿಲ್ಲ. ಅದರ ವಾದ ಒಂದೇ: ನಕ್ಷತ್ರಗಳ ನಡುವೆ ತೇಲುವ ಸಿಲಿಕೇಟ್ ಧೂಳು, ಅಂದರೆ ನಮ್ಮ ಕಲ್ಲು ಮರಳಿನ ಜಾತಿಯ ಕಣಗಳು, ಏನೂ ಬದಲಾಗದೆ ಹಾಗೇ ಧೂಮಕೇತುಗಳಲ್ಲಿ ಸೇರಿಕೊಂಡಿವೆ. ಭಾನುವಾರ ನಾನು ಹೋಗಿ ಹೊಸ ಲೇಖನಗಳನ್ನು ಓದಿ ಹೇಳುತ್ತಿದ್ದೆ. ಗ್ರಾಫ್ ಬಂದರೆ ಅವರ ಅಂಗೈ ಮೇಲೆ ಬೆರಳಿನಿಂದ ಎಳೆದು ತೋರಿಸುತ್ತಿದ್ದೆ.

ಆಗಷ್ಟೇ ಬರಿಗಣ್ಣಿಗೂ ಕಾಣುವ ಧೂಮಕೇತುವೊಂದು ಬಂದು ಹೋಗಿತ್ತು. ಅದರ ಧೂಳಿನ ಬೆಳಕನ್ನು ಅಳೆದ ಗ್ರಾಫ್ ನನ್ನ ಕೈ ಸೇರಿತು. ನಕ್ಷತ್ರಗಳ ನಡುವಿನ ಧೂಳಿನ ಗೆರೆ ನುಣ್ಣನೆಯ ಗುಡ್ಡದಂತಿರುತ್ತದೆ. ಇದರಲ್ಲಿ ಚೂಪು ಹಲ್ಲುಗಳಿದ್ದವು. ಅಂದರೆ ಹರಳುಗಳು. ಕಣಗಳು ಎಲ್ಲೋ ಕಾದು ಬದಲಾಗಿದ್ದವು. ಸರ್ ವಾದ ಬಿದ್ದುಹೋಗಿತ್ತು. ಬಸ್ಸು ಮಸ್ಕಿ ದಾಟುವಷ್ಟರಲ್ಲಿ ನಾನೊಂದು ಸುಳ್ಳು ಸಿದ್ಧಮಾಡಿಕೊಂಡಿದ್ದೆ.

ಸರ್ ಮನೆ ತಲುಪಿ ಅವರ ಅಂಗೈ ಮೇಲೆ ಬೆರಳನ್ನು ನುಣ್ಣಗೆ ಗುಡ್ಡ ಹತ್ತಿಸತೊಡಗಿದೆ. ತುದಿಯ ಹತ್ತಿರ ಬೆರಳು ನಿಂತುಬಿಟ್ಟಿತು.

“ಯಾಕಲೇ, ನಿಂತಿ?”

“ಏನಿಲ್ರೀ ಸರ.”

“ಕಣ್ಣಷ್ಟ ಹೋಗ್ಯಾವ ನನಗ. ಇದ್ದದ್ದು ಇದ್ದಂಗ ಎಳಿ.”

ಎಳೆದೆ. ಒಂದು ಹಲ್ಲು, ಇನ್ನೊಂದು. ಆ ಜಾಗವನ್ನು ಅವರು ತಮ್ಮ ಇನ್ನೊಂದು ಕೈಯ ಹೆಬ್ಬೆರಳಿನಿಂದ ತಡವಿದರು.

“ಹರಳು ಅದಾವ,” ಎಂದರು. “ಹಾಳಿ ತಗಿ. ಪ್ರಬಂಧ ವಾಪಸ್ ತಗೊಳ್ತೀನಿ ಅಂತ ಯುನಿವರ್ಸಿಟಿಗೆ ಬರಿ.”

“ಸರ, ಎಂಟು ವರ್ಷದ ಕೆಲಸ ರೀ...”

“ತಪ್ಪಂತ ಗೊತ್ತಾದ ಮ್ಯಾಲೂ ಹಿಡ್ಕೊಂಡು ಕುಂತ್ರ ಒಂಬತ್ತು ಆಗತಾವ, ಅಷ್ಟ.”

ಬರೆದೆ. ಸಹಿ ಮಾಡುವ ಜಾಗಕ್ಕೆ ಅವರ ಕೈ ಹಿಡಿದು ಒಯ್ದೆ. ಪೆನ್ನು ಕೆಳಗಿಟ್ಟು, “ಮೊದಲಿಗೆ ಸುಳ್ಳ ಎಳಿಯಾಕ ಹೊಂಟಿದ್ದಿ, ಹೌದಲ್ಲೋ?” ಎಂದರು. ತಲೆ ತಗ್ಗಿಸಿದೆ. ಅದು ಅವರಿಗೆ ಕಾಣದೆಂದು ಹೊಳೆದ ಮೇಲೆ “ಹೌದ್ರೀ” ಎಂದೆ.

ಮರುವರ್ಷ ಸರ್ ತೀರಿಕೊಂಡರು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ನಾನು ಬರೆದ ವಿಜ್ಞಾನದ ಪುಸ್ತಕದಲ್ಲಿ ತಪ್ಪೊಂದಿದೆ ಎಂದು ಹೋದ ವಾರ ಹೈಸ್ಕೂಲು ಹುಡುಗಿಯೊಬ್ಬಳು ಕಾಗದ ಬರೆದಿದ್ದಾಳೆ. ಅದು ಅಚ್ಚಿನ ದೋಷ ಎಂದು ನಿನ್ನೆಯೇ ಉತ್ತರ ಬರೆದಿಟ್ಟಿದ್ದೆ. ಈಗ ಅದನ್ನು ಹರಿದು ಹಾಕಿ, ಹೊಸ ಹಾಳೆ ತೆಗೆದುಕೊಂಡು, ಮೊದಲ ಸಾಲು ಬರೆದೆ: “ತಪ್ಪು ನನ್ನದೇ, ತಾಯಿ.”