ಮುಖ ನೋಡದೆ ಮಾತಾಡುತ್ತಿದ್ದ ಸಿಸಿಲಿಯಾ ಆಂಟಿ

ಸಿಸಿಲಿಯಾ ಆಂಟಿ ಮಕ್ಕಳ ಜೊತೆ ಮಾತಾಡುವಾಗ ಅವರ ಮುಖ ನೋಡುತ್ತಿರಲಿಲ್ಲ. ಹೊಲಿಗೆ ಯಂತ್ರದ ಮುಂದೆ, ನಮಗೆ ಬೆನ್ನು ಹಾಕಿ, ಗೋಡೆಯೊಡನೆ ಹರಟುವವರಂತೆ ಮಾತಾಡುತ್ತಿದ್ದರು. ಕುವೈಟಿನ ಜಾಬ್ರಿಯಾದ ಆಸ್ಪತ್ರೆಯ ನರ್ಸ್‌ಗಳ ಸಮವಸ್ತ್ರಗಳನ್ನು ಮನೆಯಲ್ಲೇ ಅಳತೆಗೆ ಸರಿಮಾಡಿ ಕೊಡುವುದು ಅವರ ಕೆಲಸ. ಅಪ್ಪ ಶುವೈಖ್‌ನ ಬಿಡಿಭಾಗಗಳ ಅಂಗಡಿಯಿಂದ, ಅಮ್ಮ ಶರ್ಕ್‌ನ ಆಫೀಸಿನಿಂದ ಬರುವವರೆಗೆ ನಾನೂ ಆರು ವರ್ಷದ ತಂಗಿ ಚಿನ್ನುವೂ ಎರಡು ಮಹಡಿ ಕೆಳಗಿನ ಅವರ ಫ್ಲ್ಯಾಟಿನಲ್ಲಿರುತ್ತಿದ್ದೆವು.

ಚಿನ್ನು ಮನೆಯಲ್ಲಿ ವಟಗುಟ್ಟುವಳು. ಹೊಸ್ತಿಲು ದಾಟಿದರೆ ಒಂದು ಮಾತಿಲ್ಲ. ಕಂಡವರೆಲ್ಲ ಬಗ್ಗಿ, ಗಲ್ಲ ಹಿಡಿದು, "ಏನಾದ್ರೂ ಹೇಳು ಪುಟ್ಟಾ" ಎನ್ನುತ್ತಿದ್ದರು. ವರ್ಷಾಂತ್ಯದ ಮೌಖಿಕ ಪರೀಕ್ಷೆಯಲ್ಲೂ ಬಾಯಿ ಬಿಡದಿದ್ದರೆ ಮತ್ತೆ ಅದೇ ತರಗತಿ ಎಂದು ಶಾಲೆಯವರು ತಿಳಿಸಿದರು. ಹಾಗಾದರೆ ಅವಳನ್ನು ಉಡುಪಿಯ ದೊಡ್ಡಮ್ಮನ ಮನೆಗೆ ಕಳಿಸುವುದೆಂದು ಅಪ್ಪ ನಿರ್ಧರಿಸಿದರು. ಎಲ್ಲದರ ಲೆಕ್ಕ ಬರೆದಿಡುತ್ತಿದ್ದ ನನ್ನ ಡೈರಿಯಲ್ಲಿ ಹೊಸ ಅಂಕಣ ಎಳೆದೆ: ಚಿನ್ನು ಹೊರಗೆ ಆಡಿದ ಮಾತು. ಹದಿನಾರು ದಿನ, ಹದಿನಾರು ಸೊನ್ನೆ. ಬುದ್ಧಿ ಬರಲೆಂದು ಅದನ್ನು ಅವಳಿಗೇ ತೋರಿಸಿದೆ. ಅವಳು ಆಂಟಿಯ ಮೇಜಿನಡಿ ಸೇರಿಕೊಂಡಳು.

ಆಂಟಿ ನನ್ನನ್ನು ಗದರಲಿಲ್ಲ. "ನಿನ್ನ ಲೆಕ್ಕ ಭಾರಿ ಚಂದ ಉಂಟು ಮಾರಾಯ್ತಿ. ನಂದೂ ಸ್ವಲ್ಪ ಬರಿ. ದಿನಕ್ಕೆ ಎಷ್ಟು ಗುಂಡಿ ಹೊಲಿತೇನೆ ಅಂತ ನಂಗೇ ಗೊತ್ತಿಲ್ಲ," ಎಂದರು. ಮರುದಿನದಿಂದ ಆ ಅಂಕಣದಲ್ಲಿ ಗುಂಡಿಗಳು ತುಂಬಿದವು. ಸೊನ್ನೆ ಬರೆಯುವುದನ್ನು ಬಿಟ್ಟದ್ದು ನನ್ನ ಗಮನಕ್ಕೆ ಬಂದದ್ದು ಎಷ್ಟೋ ದಿನಗಳ ಮೇಲೆ.

ಅಳತೆಯ ಟೇಪು ಹಿಡಿಯುವ ಕೆಲಸ ಚಿನ್ನುವಿಗೆ ಸಿಕ್ಕಿತು. ಒಂದು ಮಂಗಳವಾರ ಅವಳು ಒಂದು ಸಮವಸ್ತ್ರದ ತೋಳಿನ ಮೇಲೆ ಟೇಪು ಹಿಡಿದಿದ್ದಾಗ ಆಂಟಿ ಅರೆಗಣ್ಣಿನಲ್ಲಿ ನೋಡಿ, "ಸೆವೆಂಟೀನ್" ಎಂದು ಕತ್ತರಿ ಎತ್ತಿಕೊಂಡರು.

"ನೈನ್‌ಟೀನ್," ಎಂದಳು ಚಿನ್ನು.

ನಾನು ಎದ್ದೇ ನಿಂತೆ. ಆಂಟಿ ನನ್ನ ಕೈಗೊಂದು ಸೂಜಿ ಕೊಟ್ಟು ನೂಲು ಪೋಣಿಸಲು ಹೇಳಿದರು. ಆಮೇಲೆ ಗೋಡೆಯತ್ತ ತಿರುಗಿ, "ನೈನ್‌ಟೀನಾ? ಒಳ್ಳೇದಾಯ್ತು. ಇಲ್ದಿದ್ರೆ ಆ ಸಿಸ್ಟರ್ ಗಿಡ್ಡ ತೋಳಲ್ಲಿ ಇಂಜೆಕ್ಷನ್ ಕೊಡ್ಬೇಕಿತ್ತು," ಎಂದರು. ಚಿನ್ನು ಕಿಸಕ್ಕನೆ ನಕ್ಕಳು.

ಶಭಾಷ್ ಎನ್ನಬಾರದಿತ್ತೇ ಎಂದು ಅಡುಗೆಮನೆಯಲ್ಲಿ ಆಂಟಿಯನ್ನು ಕೇಳಿದೆ.

"ಹೊಗಳಿದ್ರೆ ಅದೂ ಒಂದು ಪರೀಕ್ಷೆ ಆಗ್ತದೆ ಮಗಾ. ನಾಳೆಯೂ ಹೊಗಳಿಸಿಕೊಳ್ಬೇಕಲ್ಲ ಅಂತ ಹೆದರಿಕೆ. ಅವ್ಳು ಟೇಪು ನೋಡಿದ್ಳು, ಹೇಳಿದ್ಳು. ಅಷ್ಟೇ."

ಮುಂದಿನ ವಾರಗಳಲ್ಲಿ ಆಂಟಿಯ ತಪ್ಪುಗಳನ್ನೆಲ್ಲ ಚಿನ್ನು ತಿದ್ದತೊಡಗಿದಳು. ತಪ್ಪುಗಳೂ ವಿಪರೀತ ಹೆಚ್ಚಿದವು. ಪರೀಕ್ಷೆಗೆ ಮುಂಚೆ ಆಂಟಿ ಅಮ್ಮನಿಂದ ಟೀಚರಿಗೆ ಎರಡು ಸಾಲು ಬರೆಸಿದರು: ಮಗುವನ್ನು ಎದುರಿಗಲ್ಲ, ಪಕ್ಕದಲ್ಲಿ ಕೂರಿಸಿ, ಕೈಗೆ ಏನಾದರೂ ಕೆಲಸ ಕೊಡಿ.

ಪರೀಕ್ಷೆಯ ದಿನವೇ ಆಂಟಿ ಊರಿಗೆ ಹೊರಟಿದ್ದರು. ಗಂಡನಿಗೆ ನಿವೃತ್ತಿಯಾಗಿ ಇಬ್ಬರ ಇಕಾಮಾವೂ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯೂ, ಮುಗಿಯುತ್ತಿತ್ತು. ನಾವು ಶಾಲೆಯಿಂದ ಓಡಿ ಬಂದಾಗ "ಕುವೈಟ್ ಖಲಾಸ್" ಎನ್ನುತ್ತ ಸೂಟ್‌ಕೇಸಿಗೆ ಬೀಗ ಹಾಕುತ್ತಿದ್ದರು. ಪಾಸಾದ ಸುದ್ದಿಯನ್ನು ನಾನೇ ಹೇಳಬೇಕೆಂದಿದ್ದೆ, ಚಿನ್ನು ಬಿಡಲಿಲ್ಲ. ಟೀಚರ್ ಪೋಣಿಸಲು ಮಣಿ ಕೊಟ್ಟದ್ದು, ಏಳು ಪ್ರಶ್ನೆ ಕೇಳಿದ್ದು, ಮೂರನೆಯದು ತೀರಾ ಬೇಬಿ ಪ್ರಶ್ನೆಯಾಗಿದ್ದು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳತೊಡಗಿದಳು. ಅಷ್ಟರಲ್ಲಿ ಟ್ಯಾಕ್ಸಿ ಬಂದಿತ್ತು. ಅಂಕಲ್ ಕೆಳಗಿನಿಂದ ಎರಡು ಸಲ ಫೋನ್ ಮಾಡಿದರು.

ಆಂಟಿ ಫೋನನ್ನು ಬೋರಲು ಇಟ್ಟು ಸೂಟ್‌ಕೇಸಿನ ಮೇಲೆ ಕೂತರು.

"ಮತ್ತೆ? ನಾಲ್ಕನೇದು ಎಂತ ಕೇಳಿದ್ರು?"