ಬಿಸಿಲಿಗೆ ಹಾಕಿದ ರಾವಣ

ನಾನು ಗೊಂಬೆಯಾಟದ ಪತ್ರಿಕೆಯೊಂದರ ಸಂಪಾದಕನಾಗಿದ್ದೆ ಎಂದರೆ ನನ್ನ ಹೆಂಡತಿ ಈಗಲೂ ನಗುತ್ತಾಳೆ. ನಗಲಿ ಬಿಡಿ. ಮೂಡಿಗೆರೆಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ನಾನು ಆ ಹುದ್ದೆ ಒಪ್ಪಿಕೊಂಡ ದಿನದವರೆಗೆ ಒಂದೇ ಒಂದು ಗೊಂಬೆಯಾಟವನ್ನೂ ನೋಡಿದವನಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಕಾಫಿಗೆ ಯಾರೂ ಕನಸಿನಲ್ಲೂ ಕಾಣದ ಬೆಲೆ ಬಂತು. ಪ್ಲಾಂಟರುಗಳು ಮೊದಲು ಜೀಪು ಬದಲಿಸಿದರು, ಆಮೇಲೆ ಬಚ್ಚಲಿನ ಟೈಲ್ಸು ಬದಲಿಸಿದರು. ಬದಲಿಸಲು ಇನ್ನೇನೂ ಉಳಿಯದಿದ್ದಾಗ ಸಂಸ್ಕೃತಿಗೆ ಕೈ ಹಾಕಿದರು. ಬಾಳೂರಿನ ಸಾಹುಕಾರರೊಬ್ಬರು ಯುರೋಪ್ ಟೂರಿಗೆ ಹೋದವರು ಅಲ್ಲೊಂದು ಗೊಂಬೆ ಮ್ಯೂಸಿಯಂ ನೋಡಿದರು. ಹೊರಗೆ ಮಳೆ ಬರುತ್ತಿತ್ತಂತೆ, ಅದಕ್ಕೇ ಒಳಗೆ ಹೋದದ್ದಂತೆ. ಊರಿಗೆ ಬಂದವರೇ ಗೊಂಬೆಯಾಟದ ಕಲೆ ಮತ್ತು ಇತಿಹಾಸಕ್ಕೆಂದೇ ಒಂದು ಪತ್ರಿಕೆ ತರುವುದಾಗಿ ಸಾರಿಬಿಟ್ಟರು.

"ಕಾಫಿ ಇವತ್ತು ಇರತ್ತೆ, ನಾಳೆ ಹೋಗತ್ತೆ ಮೇಷ್ಟ್ರೇ. ಕಲ್ಚರ್ ಉಳೀಬೇಕು. ನೀವೇ ಎಡಿಟರ್," ಎಂದರು. ಹಾಳೂರಿಗೆ ಉಳಿದವನೇ ಗೌಡ. ಹೆಸರಿನ ಕೆಳಗೆ 'ಸಂಪಾದಕ' ಎಂದು ಅಚ್ಚಾಗುವುದಾದರೆ ನಾನು ಕಾಂಡಕೊರಕ ಹುಳದ ಪತ್ರಿಕೆಗೂ ಒಪ್ಪುತ್ತಿದ್ದೆ.

ಮೊದಲ ಸಂಚಿಕೆಯಲ್ಲಿ ವೇದಕಾಲದಿಂದ ಇಲ್ಲಿಯವರೆಗಿನ ಗೊಂಬೆಯಾಟದ ಚರಿತ್ರೆಯನ್ನು ನಾನೇ ಬರೆದೆ. ಮುಖಪುಟದಲ್ಲಿ ಯುರೋಪಿನ ಗೊಂಬೆ ಹಿಡಿದ ಸಾಹುಕಾರರು, ಹಿಂಪುಟದಲ್ಲಿ ಔಷಧಿ ಹೊಡೆಯುವ ಸ್ಪ್ರೇಯರಿನ ಜಾಹೀರಾತು. ಎರಡನೆಯದಕ್ಕೆ ಲೈಬ್ರರಿಯ ಮೂರು ಪುಸ್ತಕ ಕಲಸಿ ತೊಗಲುಗೊಂಬೆಗಳ ಸಂರಕ್ಷಣೆಯ ಬಗ್ಗೆ ಲೇಖನ ಬರೆದೆ. 'ತೇವವೇ ಗೊಂಬೆಯ ಪರಮ ಶತ್ರು' ಎಂಬುದು ಅದರ ಮೊದಲ ಸಾಲು. ಅಲ್ಲಿಂದ ಮುಂದೆ ಜನ ನನ್ನನ್ನು ಗೊಂಬೆ ತಜ್ಞ ಎನ್ನತೊಡಗಿದರು, ನಾನೂ ಬೇಡ ಅನ್ನಲಿಲ್ಲ.

ಮೂರನೆಯ ಸಂಚಿಕೆಯ ಹೊತ್ತಿಗೆ ನಿಜವಾದ ಗೊಂಬೆಯಾಟದವಳೊಬ್ಬಳು ಸಿಕ್ಕಿಬಿಟ್ಟಳು. ಸಿಕ್ಕಿದ್ದೆಲ್ಲಿ? ಸಾಹುಕಾರರ ಎಸ್ಟೇಟಿನ ಆಳುಗಳ ಸಾಲುಮನೆಯಲ್ಲಿ, ಕೂಲಿ ಲೈನಿನಲ್ಲೇ! ಬಯಲುಸೀಮೆಯಿಂದ ಕಾಫಿ ಕೊಯ್ಯಲು ಬಂದು ಅಲ್ಲೇ ಮುದುಕಿಯಾದ ಹೆಂಗಸು. ಮಾವನ ಕಾಲದ ತೊಗಲುಗೊಂಬೆಗಳನ್ನು ಬಿದಿರು ಬುಟ್ಟಿಯಲ್ಲಿಟ್ಟು ಒಲೆಯ ಮೇಲೆ ತೂಗುಹಾಕಿದ್ದಳು. ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಸಂಜೆ, ಲೈನಿನ ಮುಂದೆ ಬಿಳಿ ಪಂಚೆ ಕಟ್ಟಿ, ಹಿಂದೆ ದೀಪ ಇಟ್ಟು ರಾಮ ರಾವಣರನ್ನು ಆಡಿಸುತ್ತಿದ್ದಳು. ಇದನ್ನು ಎಸ್ಟೇಟಿನ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್ ಹೇಳಿದಾಗ ಸಾಹುಕಾರರು, "ಥೋ, ಮತ್ತೆ ನಾನ್ಯಾಕೆ ಅಷ್ಟು ದೂರ ಹೋದೆ ಮಾರಾಯ!" ಎಂದರು. ಅವರು ಹೇಳಿದ ಮಾತುಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಅದೊಂದೇ.

ಫೋಟೋ ತೆಗೆಸುವುದೆಂದಾಯಿತು. ಮುದುಕಿ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಬುಟ್ಟಿಯನ್ನು ಬಂಗಲೆಗೆ ತಂದಿಟ್ಟಳು. "ಜ್ವಾಪಾನ ಸ್ವಾಮಿ. ನಮ್ಮನೆ ಮಕ್ಕಳು ಇವು," ಎಂದು ನನ್ನ ಕೈಗೇ ಒಪ್ಪಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ತೋಟಕ್ಕಿಳಿದಳು. ಫೋಟೋದವನು ಬರುವುದು ಮಧ್ಯಾಹ್ನದ ಮೇಲೆ.

ಅಷ್ಟರಲ್ಲಿ ರೈಟರ್ ಬಂದು ರಾಮನ ಕಿವಿ ಹಿಂಡಿ ನೋಡಿದರು. ಹಣ್ಣಿನ ಸಿಪ್ಪೆ ಸುಲಿದು ಒಣಗಿಸುವ ಪಾರ್ಚ್‌ಮೆಂಟ್ ಕಾಫಿಯ ಹದವನ್ನು ಮೂವತ್ತು ವರ್ಷ ನೋಡಿದ ಕೈ ಅದು. ಒಣಗಿಸುವ ಕಣಕ್ಕೆ ಬಂದದ್ದೆಲ್ಲ ಅವರಿಗೆ ಕಾಫಿಯೇ. "ಸಾರ್, ಇದು ಪೂರ್ತಿ ಒಣಗಿಲ್ಲ. ಮೆತ್ತಗಿದೆ. ಒಂದು ಬಿಸಿಲು ಕೊಡೋಣ್ವಾ?" ಎಂದು ಕೇಳಿದರು. ತಜ್ಞರನ್ನೇ ಕೇಳಿದರು ನೋಡಿ!

ನಾನು ಕಾಫಿ ಲೋಟ ಕೆಳಗಿಟ್ಟು, "ಕೊಡಿ ಕೊಡಿ. ತೇವವೇ ಗೊಂಬೆಯ ಪರಮ ಶತ್ರು," ಎಂದೆ.

ರೈಟರ್ ಅರೆಮನಸ್ಸಿನ ಕೆಲಸದವರಲ್ಲ. ಸಿಮೆಂಟ್ ಕಣದ ಒಂದು ಮಗ್ಗುಲಲ್ಲಿ ಪಾರ್ಚ್‌ಮೆಂಟ್ ಹರಡಿತ್ತು. ಇನ್ನೊಂದು ಮಗ್ಗುಲಲ್ಲಿ ರಾಮ, ಸೀತೆ, ರಾವಣ, ವಾನರ ಸೈನ್ಯ. ಇಬ್ಬರು ಹೆಂಗಸರು ಅರ್ಧ ಗಂಟೆಗೊಮ್ಮೆ ಕಾಫಿ ಕೆದಕಿ, ಹಾಗೆಯೇ ಮುಂದೆ ಬಂದು ದೇವಾನುದೇವತೆಗಳನ್ನೂ ಮಗುಚಿ ಹಾಕುತ್ತಿದ್ದರು. ನಾನು ಒಳಗೆ ಸಾಹುಕಾರರ ಜೊತೆ ಕೋಳಿ ಸಾರು, ಕಡುಬು ಉಂಡು ಸಂಪಾದಕೀಯದ ಚರ್ಚೆ ನಡೆಸುತ್ತಿದ್ದೆ.

ಮೂರು ಗಂಟೆಗೆ ಹೊರಗೆ ಬಂದು ನೋಡಿದರೆ, ಅಯ್ಯೋ ದೇವರೇ! ಸೀತೆ ಹಪ್ಪಳದಂತೆ ಮುದುಡಿಕೊಂಡಿದ್ದಳು. ರಾವಣನ ಹತ್ತೂ ತಲೆ ಒಂದರೊಳಗೊಂದು ಸುರುಳಿ ಸುತ್ತಿದ್ದವು. ಬಿಡಿಸಲು ಹೋದೆ, ಲಟಕ್ಕೆಂದು ಎರಡು ತಲೆ ನನ್ನ ಕೈಗೇ ಬಂದವು. ಆ ಮೆತ್ತಗಿನ ಗುಣ ತೇವವಲ್ಲ, ತಲೆಮಾರುಗಳ ಎಣ್ಣೆಯ ಹದ ಎಂದು ಯಾವ ಲೈಬ್ರರಿಯ ಪುಸ್ತಕವೂ ನನಗೆ ಹೇಳಿರಲಿಲ್ಲ.

ಹಣ್ಣಿನ ಚೀಲ ಇಳಿಸಲು ಬಂದ ಮುದುಕಿ ಕಣದ ಅಂಚಿನಲ್ಲಿ ನಿಂತಳು. ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಂದೊಂದನ್ನೇ ಆರಿಸಿ ಬುಟ್ಟಿಗಿಟ್ಟಳು. ಆಮೇಲೆ ತಮ್ಮ ಮನೆತನದ ಕಟ್ಟಳೆ ಹೇಳಿದಳು: "ಗೊಂಬೆ ಸತ್ರೆ ಹೊಳೆಗೆ ಬಿಡ್ಬೇಕು ಸ್ವಾಮಿ. ಬಿಡೋವಾಗ ಯಂಗೆ ಸತ್ತಿತು ಅಂತ ಕಂಡೋರು ಬಾಯ್ಬಿಟ್ಟು ಹೇಳ್ಬೇಕು. ಹೇಳ್ದೆ ಹೊಸ ತೊಗಲು ಕೊಯ್ಯಂಗಿಲ್ಲ, ಆಟ ಆಡಂಗಿಲ್ಲ. ನಾನು ತೋಟದಾಗಿದ್ದೆ, ಕಂಡಿಲ್ಲ. ನೀವಿದ್ರಲ್ಲ."

"ಆಯ್ತಮ್ಮ," ಎಂದೆ. ಮೇಷ್ಟ್ರುಗಳಿಗೆ ಆ ಮಾತು ಸಲೀಸು.

ಪತ್ರಿಕೆಗೆ ಏನು ಬರೆಯುವುದು ಎಂದಾಗ ಸಾಹುಕಾರರು, "ಕಣದ ವಿಷಯ ಬೇಡ ಮೇಷ್ಟ್ರೇ, ಎಸ್ಟೇಟ್ ಮರ್ಯಾದೆ ಪ್ರಶ್ನೆ," ಎಂದರು. ಅವರು ಹೇಳದಿದ್ದರೆ ನಾನೇ ಹೇಳಿಸಿಕೊಳ್ಳುತ್ತಿದ್ದೆ. ತಜ್ಞನ ಮರ್ಯಾದೆಯೂ ಇತ್ತಲ್ಲ! 'ಕೂಲಿ ಲೈನಿನ ಒಲೆಯ ಹೊಗೆಯಲ್ಲಿ, ಸೂಕ್ತ ಆರೈಕೆಯಿಲ್ಲದೆ, ಈ ಅಮೂಲ್ಯ ಗೊಂಬೆಗಳು ನಾಶವಾಗಿವೆ' ಎಂದು ಬರೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸಂಚಿಕೆ ಬಂದ ಮೇಲೆ ಮುದುಕಿ ಹೇಳಿಕಳಿಸಿದಳು. ಮೂರು ಆಡಿನ ಚರ್ಮ ತರಿಸಿ, ಕೂದಲು ಹೆರೆದು ಸಿದ್ಧ ಮಾಡಿಟ್ಟಿದ್ದಾಳಂತೆ. ಇನ್ನು ಹಳೆಯದನ್ನು ಹೊಳೆಗೆ ಬಿಟ್ಟರೆ ಹೊಸದನ್ನು ಕತ್ತರಿಸಬಹುದು. ಸಾಹುಕಾರರು ಉದಾರವಾಗಿ ಜೀಪು ಕೊಟ್ಟರು, ಜೊತೆಗೆ ಡ್ರೈವರ್. ಕಳಸದ ಹತ್ತಿರ ಭದ್ರಾ ಹೊಳೆಗೆ ಹೋದೆವು. ಮುದುಕಿ ಬುಟ್ಟಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತಳು. ನಾನು ಪ್ಯಾಂಟು ಮಡಚಿಕೊಂಡು, ಹೊಸ ಸಂಚಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಪಕ್ಕದಲ್ಲಿ ನಿಂತೆ.

"ಅಚ್ಚು ಹಾಕ್ಸಿದೀರಂತಲ್ಲ. ನಂಗೆ ಓದಾಕೆ ಬರಲ್ಲ. ಅದನ್ನೇ ಓದಿ ಸ್ವಾಮಿ," ಎಂದಳು.

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಓದಿದೆ. ಹೊಗೆ ಎಂಬಲ್ಲಿ ನನ್ನ ದನಿ ತಾನಾಗಿ ಇಳಿಯಿತು. ಮುದುಕಿ ಬುಟ್ಟಿಯನ್ನು ನೀರಿಗಿಳಿಸಲಿಲ್ಲ, ಎದೆಗೆ ಒತ್ತಿಕೊಂಡಳು.

"ಹೊಗೆ ಅವನ್ನ ಇಷ್ಟು ಕಾಲ ಕಾದಿತ್ತು, ಸ್ವಾಮಿ. ಸುಳ್ಳು ಹೇಳಿ ಹೊಳೆಗೆ ಬಿಡಂಗಿಲ್ಲ. ಈ ಪುಸ್ತಕ ಊರೆಲ್ಲ ಓದ್ತಾರಾ?"

ಸಮಾಧಾನ ಮಾಡಲು ಒಳ್ಳೆಯ ಅವಕಾಶ ಸಿಕ್ಕಿತು ಅಂದುಕೊಂಡೆ. "ಇಲ್ಲಮ್ಮ, ನಿಮ್ಮಾಣೆ. ಇದನ್ನ ಯಾರೂ ಓದಲ್ಲ. ಸಾಹುಕಾರ್ರೂ ಓದಲ್ಲ."

"ಯಾರೂ ಓದಲ್ಲ ಅಂದ್ಮೇಲೆ ನಿಜಾನೇ ಬರೀಬಹುದಿತ್ತಲ್ಲ?"

ನನಗೆ ನಾಚಿಕೆಯಾಯಿತು. ಈಗ ಬರೆಯುವಾಗಲೂ ಆಗುತ್ತಿದೆ. ದಂಡೆಯ ಮೇಲೆ ಜೀಪಿಗೆ ಒರಗಿಕೊಂಡು ಡ್ರೈವರ್ ನಮ್ಮನ್ನೇ ನೋಡುತ್ತಿದ್ದ. ಅವನ ಕಿವಿಗೆ ಬಿದ್ದರೆ ಸಂಜೆಯೊಳಗೆ ಮೂಡಿಗೆರೆ ಬಸ್ ಸ್ಟ್ಯಾಂಡ್ ಪೂರ್ತಿ ತಜ್ಞರ ಕಥೆ ಹೇಳಿಕೊಂಡು ನಗುತ್ತದೆ. ನಾನು ಅವನಿಗೆ ಬೆನ್ನು ಮಾಡಿ, "ಒಣಗಿಸಿ ಅಂದದ್ದು ನಾನೇ," ಎಂದು ಪಿಸುಗುಟ್ಟಿದೆ.

"ಜೋರಾಗಿ ಹೇಳಿ ಸ್ವಾಮಿ. ಬಾಯ್ಬಿಟ್ಟು ಹೇಳ್ಬೇಕು."

ಕಾದಳು. ಹರಕೆ ಹೊತ್ತವರಂತೆ ಕಾದಳು. ನಾನು ಪತ್ರಿಕೆಯ ಪುಟ ತಿರುವುತ್ತಾ ನಿಂತೆ. ಕೊನೆಗೆ ಆಕೆ ಬುಟ್ಟಿಯನ್ನು ಮತ್ತೆ ತಲೆಯ ಮೇಲೆ ಇಟ್ಟುಕೊಂಡು, ಒದ್ದೆ ಸೀರೆಯಲ್ಲೇ ದಂಡೆ ಹತ್ತಿ ಜೀಪಿನಲ್ಲಿ ಹೋಗಿ ಕೂತಳು. ಆ ವರ್ಷ ಕೊಯ್ಲು ಮುಗಿದ ಸಂಜೆ ಲೈನಿನ ಮುಂದೆ ಪಂಚೆ ಕಟ್ಟಲಿಲ್ಲ, ಮರುವರ್ಷವೂ ಕಟ್ಟಲಿಲ್ಲ.